ಮಾರ್ಚಿನ ಹಿಮ: ಗುಲ್ಮಾರ್ಗ್, ಸೋಲಂಗ್ ಮತ್ತು ನಾವು

(ಜಯನಗರದಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ರೂಪ)



ದ್ವಿತೀಯ ಪಿಯುಸಿ ಪರೀಕ್ಷೆ ಮುಗಿಯುತ್ತಿದ್ದಂತೆ ಜಯನಗರ, ಜೆ.ಪಿ. ನಗರ, ಬನಶಂಕರಿಯ ಮನೆಗಳಲ್ಲಿ ಎರಡು ಮಾತು ಏಳುತ್ತವೆ. ಸಿಇಟಿ ಕೋಚಿಂಗ್ ಯಾವತ್ತಿನಿಂದ? ಅದಕ್ಕೆ ಮೊದಲು ಎಲ್ಲಿಗಾದರೂ ಹೋಗಿಬರೋಣವೇ? ಆ ಎರಡು ಪ್ರಶ್ನೆಗಳ ನಡುವೆ ಸಿಗುವ ಕೆಲವು ದಿನಗಳನ್ನು ಹಿಮದ ಮೇಲೆ ಕಳೆಯಿರಿ ಎಂದು ಹೇಳುವುದಕ್ಕೆ ನಾನು ಬಂದಿದ್ದೇನೆ. ಬರೀ ಹಿಮ ನೋಡಿ ಬರುವುದಕ್ಕಲ್ಲ, ಸ್ಕೀಯಿಂಗ್ ಕಲಿಯುವುದಕ್ಕೆ. ಕಲಿಯಲು ಹೊರಟವರು ಒಂದೇ ಬೆಟ್ಟಕ್ಕೆ ನಿಲ್ಲಬೇಡಿ, ಕನಿಷ್ಠ ಎರಡು ಬೆಟ್ಟಗಳ ಹಿಮಕ್ಕೆ ಕಾಲು ಕೊಡಿ. ಇದು ಸಿರಿವಂತರ ಆಟ, ಯುರೋಪಿನವರ ಆಟ, ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಈ ಬಯಲಲ್ಲಿ ಬೆಳೆದ ನಮಗೆ ಸಲ್ಲದ ಆಟ ಎಂಬ ಭಾವನೆ ನಮ್ಮಲ್ಲಿ ಗಟ್ಟಿಯಾಗಿದೆ. ಅದು ಸರಿಯಲ್ಲ ಎನ್ನುವುದಕ್ಕೆ ಚರಿತ್ರೆಯಲ್ಲೇ ಸಾಕ್ಷಿ ಇದೆ. ಅಲ್ಲಿಂದಲೇ ಶುರುಮಾಡುತ್ತೇನೆ.

1948ರ ನವೆಂಬರ್ 1. ಕಾಶ್ಮೀರ ಕಣಿವೆಯಿಂದ ಲಡಾಖಿಗೆ ಹೋಗುವ ಜೋಜಿಲಾ ಕಣಿವೆದಾರಿಯನ್ನು ಶತ್ರುಗಳು ಹಿಡಿದು ಕೂತಿದ್ದರು. ಎತ್ತರ ಸುಮಾರು 3,500 ಮೀಟರ್, ಹಿಮ ಬೀಳುವ ಕಾಲ. ಆ ಎತ್ತರಕ್ಕೆ ಟ್ಯಾಂಕು ಹತ್ತೀತು ಎಂದು ಯಾರೂ ನಂಬಿರಲಿಲ್ಲ. 7ನೇ ಲೈಟ್ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳನ್ನು ಅಲ್ಲಿಗೆ ಹತ್ತಿಸಿ ದಾರಿ ಬಿಡಿಸಿದವರು 19ನೇ ಡಿವಿಜನ್ನಿನ ಮುಖ್ಯಸ್ಥರಾಗಿದ್ದ ಮೇಜರ್ ಜನರಲ್ ಕೆ.ಎಸ್. ತಿಮ್ಮಯ್ಯ. 1906ರಲ್ಲಿ ಮಡಿಕೇರಿಯಲ್ಲಿ ಹುಟ್ಟಿದವರು. ಮುಂದೆ 1957ರಿಂದ 1961ರವರೆಗೆ ಭೂಸೇನೆಯ ಮುಖ್ಯಸ್ಥರಾದರು. 1965ರಲ್ಲಿ ಸೈಪ್ರಸ್ಸಿನಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯನ್ನು ನಡೆಸುತ್ತಿದ್ದಾಗ ತೀರಿಕೊಂಡರು. ಇಷ್ಟನ್ನು ನಮ್ಮ ಶಾಲಾಮಕ್ಕಳೂ ಕೇಳಿರುತ್ತಾರೆ. ಜೋಜಿಲಾ ಗೆದ್ದ ಆ ವರ್ಷದ ಕೊನೆಯಲ್ಲೇ ಅವರು ಮಾಡಿದ ಇನ್ನೊಂದು ಕೆಲಸ ಮಾತ್ರ ಅಷ್ಟು ಪ್ರಚಾರಕ್ಕೆ ಬರಲಿಲ್ಲ. ಹಿಮದಲ್ಲಿ ಕಾಲೂರಲು ಬಾರದ ಸೈನಿಕ ಹಿಮದ ಗಡಿಯನ್ನು ಕಾಯಲಾರ ಎಂಬುದು ಜೋಜಿಲಾದಲ್ಲಿ ಕಣ್ಣಾರೆ ಕಂಡ ಸಂಗತಿ. ಗುಲ್ಮಾರ್ಗಿನಲ್ಲಿ ಅವರು ತಮ್ಮ ಡಿವಿಜನ್ನಿಗೆ ಒಂದು ಸ್ಕೀ ಶಾಲೆ ತೆರೆದರು. ಆ ಶಾಲೆಯೇ ಬೆಳೆದು 1962ರಲ್ಲಿ ಹೈ ಆಲ್ಟಿಟ್ಯೂಡ್ ವಾರ್‌ಫೇರ್ ಸ್ಕೂಲ್ ಆಯಿತು. ಬೇರೆ ದೇಶಗಳ ಸೈನಿಕರೂ ಅಲ್ಲಿಗೆ ಬಂದು ಕಲಿತು ಹೋಗುತ್ತಾರೆ.

ಗುಲ್ಮಾರ್ಗಿನಲ್ಲಿ ಸ್ಕೀಯಿಂಗ್ ಶುರುಮಾಡಿದವರು ಬ್ರಿಟಿಷ್ ಅಧಿಕಾರಿಗಳು ಎಂಬುದು ನಿಜ. 1927ರಲ್ಲಿ ಅವರು ಅಲ್ಲಿ ಸ್ಕೀ ಕ್ಲಬ್ ಆಫ್ ಇಂಡಿಯಾ ಕಟ್ಟಿಕೊಂಡರು. ಆದರೆ ಅದು ಅವರ ರಜೆಯ ವಿನೋದವಾಗಿತ್ತು. ಸ್ವತಂತ್ರ ಭಾರತದ ಹಳ್ಳಿಗಳಿಂದ ಬಂದ ಸಾಮಾನ್ಯ ಸಿಪಾಯಿಯ ಕಾಲಿಗೆ ಸ್ಕೀ ಕಟ್ಟಿಸಿದವರು ಕೊಡಗಿನ ಈ ಮಗ. ನನ್ನ ಮಟ್ಟಿಗೆ ಭಾರತದ ಸ್ಕೀಯಿಂಗ್ ಚರಿತ್ರೆಯ ನಿಜವಾದ ಮೊದಲ ಪುಟ ಅದು.

ಅದೇ ತಿಮ್ಮಯ್ಯನವರ ಹೆಸರಿನಲ್ಲಿ ಕರ್ನಾಟಕ ಸರ್ಕಾರದ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ಒಂದು ಸಾಹಸ ಅಕಾಡೆಮಿ ನಡೆಸುತ್ತಿದೆ. ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಎಂದು ಅದರ ಪೂರ್ತಿ ಹೆಸರು. ಬಂಡೆ ಹತ್ತುವುದು, ಕಯಾಕಿಂಗ್, ಪರ್ವತಾರೋಹಣದ ಜೊತೆಗೆ ನಮ್ಮ ಯುವಕ ಯುವತಿಯರನ್ನು ಹಿಮಾಲಯದ ತರಬೇತಿಗೂ ಅದು ಕಳುಹಿಸುತ್ತ ಬಂದಿದೆ. ಇಲ್ಲಿ ಕುಳಿತಿರುವ ಪೋಷಕರಲ್ಲಿ ಎಷ್ಟು ಮಂದಿಗೆ ಈ ಅಕಾಡೆಮಿಯ ವಿಳಾಸ ಗೊತ್ತು? ಕೋಚಿಂಗ್ ಸೆಂಟರುಗಳ ವಿಳಾಸ ಎಲ್ಲರಿಗೂ ಬಾಯಿಪಾಠ.

ಇನ್ನು ಈ ಕಾಲಕ್ಕೆ ಬರೋಣ. ತೆಕ್ಕಡ ನಂಜುಂಡ ಭವಾನಿ ಎಂಬ ಕೊಡಗಿನ ಹೆಣ್ಣುಮಗಳು ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲಿ 2024ರಲ್ಲೂ 2025ರಲ್ಲೂ ಗುಲ್ಮಾರ್ಗಿನ ಹಿಮದ ಮೇಲೆ ಕರ್ನಾಟಕಕ್ಕೆ ಚಿನ್ನ ತಂದುಕೊಟ್ಟರು. 2024ರ ಕೂಟದ ಪದಕ ಪಟ್ಟಿಯಲ್ಲಿ ಭೂಸೇನೆಯ ತಂಡದ ನಂತರದ ಸ್ಥಾನ ಕರ್ನಾಟಕದ್ದು. ಹಿಮವೇ ಬೀಳದ ರಾಜ್ಯ, ಹಿಮದಲ್ಲೇ ಹುಟ್ಟಿಬೆಳೆದವರ ರಾಜ್ಯಗಳನ್ನು ಹಿಂದೆ ಹಾಕಿತು. 2025ರಲ್ಲಿ ಭವಾನಿ ಚಿಲಿ ದೇಶದಲ್ಲಿ ನಡೆದ ಅಂತರರಾಷ್ಟ್ರೀಯ ಸ್ಪರ್ಧೆಯ 5 ಕಿಲೋಮೀಟರ್ ಓಟದಲ್ಲಿ ಕಂಚು ಗೆದ್ದರು. ಅವರದು ಕ್ರಾಸ್ ಕಂಟ್ರಿ ಸ್ಕೀಯಿಂಗ್. ಇಳಿಜಾರಿನಲ್ಲಿ ಜಾರುವುದಷ್ಟೇ ಅದಲ್ಲ, ಸಮತಟ್ಟಿನಲ್ಲಿ ಓಡಬೇಕು, ಏರು ಹತ್ತಬೇಕು. ಸ್ಕೀ ಸಪೂರ, ಹಗುರ. ಬೂಟಿನ ತುದಿಯನ್ನು ಮಾತ್ರ ಅದು ಹಿಡಿದಿರುತ್ತದೆ, ಹಿಮ್ಮಡಿ ಮೇಲೆದ್ದು ಆಡುತ್ತದೆ. ಆಟಗಳಲ್ಲೆಲ್ಲ ಶ್ವಾಸಕೋಶವನ್ನು ಅತಿ ಹೆಚ್ಚು ದುಡಿಸುವವುಗಳಲ್ಲಿ ಇದೂ ಒಂದು. ತಿಮ್ಮಯ್ಯನವರ ಶಾಲೆ ಶುರುವಾದ ಊರಿನಲ್ಲೇ, ಮುಕ್ಕಾಲು ಶತಮಾನದ ನಂತರ, ಅವರದೇ ಜಿಲ್ಲೆಯ ಮಗಳು ಚಿನ್ನ ಗೆದ್ದರು. ನಮ್ಮ ಪತ್ರಿಕೆಗಳು ಈ ಎರಡನ್ನೂ ಜೋಡಿಸಿ ಮುಖಪುಟದಲ್ಲಿ ಹಾಕಬೇಕಿತ್ತು ಎಂದು ನನಗೆ ಇಂದಿಗೂ ಅನ್ನಿಸುತ್ತದೆ.

ಈಗ ರಜೆಯ ಲೆಕ್ಕಾಚಾರ. ಇದು ಹೇಳುವಷ್ಟು ಸುಲಭವಿಲ್ಲ. ಹಿಮಾಲಯದಲ್ಲಿ ಸ್ಕೀಯಿಂಗ್ ಹಂಗಾಮು ಡಿಸೆಂಬರ್ ಕೊನೆಗೆ ಶುರುವಾಗಿ ಮಾರ್ಚಿನಲ್ಲಿ ಇಳಿಮುಖವಾಗುತ್ತದೆ. ನಮ್ಮ ಪಿಯುಸಿ ಮಕ್ಕಳಿಗೆ ಬಿಡುವು ಸಿಗುವುದು ಮಾರ್ಚಿನ ಮೂರನೇ ವಾರದ ನಂತರ, ಅಂದರೆ ಹಂಗಾಮಿನ ಬಾಲದ ತುದಿಯಲ್ಲಿ. ಆ ಹೊತ್ತಿಗೆ ಸೋಲಂಗಿನ ಕೆಳಗಿನ ಇಳಿಜಾರಿನಲ್ಲಿ ಹುಲ್ಲು ಕಾಣಿಸಿಕೊಂಡಿರುತ್ತದೆ. ಗುಲ್ಮಾರ್ಗಿನ ಕೆಳಗಿನ ಬಯಲು ಸುಮಾರು 2,650 ಮೀಟರ್ ಎತ್ತರದ್ದು, ಅಲ್ಲೂ ಹಿಮ ತೇಪೆ ತೇಪೆಯಾಗಿರುತ್ತದೆ. ಹಿಮ ಬೇಕೆಂದರೆ ಮೇಲೆ ಹತ್ತಬೇಕು. ಗುಲ್ಮಾರ್ಗಿನ ಗೊಂಡೋಲಾ ಮೊದಲ ಹಂತದಲ್ಲಿ ಕೊಂಗ್‌ದೂರಿಗೆ, ಎರಡನೆಯ ಹಂತದಲ್ಲಿ ಅಫರ್ವಾತ್ ಬೆಟ್ಟದ ಹೆಗಲಿಗೆ, ಸುಮಾರು 3,950 ಮೀಟರಿಗೆ ಒಯ್ಯುತ್ತದೆ. ವಸಂತದಲ್ಲಿ ಹಿಮ ಉಳಿಯುವುದು ಅಲ್ಲಿ. ಇಷ್ಟು ತಿಳಿದು ಹೊರಟರೆ ಮಾರ್ಚ್ ಕೊನೆಯ ರಜೆ ವ್ಯರ್ಥವಾಗುವುದಿಲ್ಲ.

ನನ್ನ ತಮ್ಮನ ಮಗಳನ್ನು ಕರೆದುಕೊಂಡು ನಾನು ಹೋದದ್ದೂ ಅಂಥ ಮಾರ್ಚ್ ಕೊನೆಗೆ, ಅವಳ ಪಿಯುಸಿ ಪರೀಕ್ಷೆ ಮುಗಿದ ಮೇಲೆ. ಸ್ಕೀ ಬೂಟು ನಮ್ಮ ಬೂಟಿನಂತಲ್ಲ. ಗಟ್ಟಿ ಪ್ಲಾಸ್ಟಿಕ್ಕಿನದು, ಕಣಕಾಲು ಅಲುಗದಂತೆ ನಾಲ್ಕು ಕೊಂಡಿ ಬಿಗಿಯುತ್ತಾರೆ. ನೆಟ್ಟಗೆ ನಿಂತರೆ ಅದು ನಿಮ್ಮನ್ನು ಮುಂದಕ್ಕೆ ಬಾಗಿಸುತ್ತದೆ, ಆ ಬಾಗುವಿಕೆಯೇ ಮೊದಲ ಪಾಠ. ಬೂಟಿನ ಮುಂತುದಿಯನ್ನು ಸ್ಕೀಯ ಕೊಂಡಿಗೆ ಸಿಕ್ಕಿಸಿ ಹಿಮ್ಮಡಿ ಒತ್ತಿದರೆ ಟಕ್ಕೆಂದು ಕೂರುತ್ತದೆ. ಹಿಮ್ಮಡಿಯಡಿ ಒಂದು ಬೆರಳಷ್ಟು ಹಿಮ ಮೆತ್ತಿದ್ದರೂ ಕೂರುವುದಿಲ್ಲ, ಕೋಲಿನಿಂದ ಕೆರೆದು ತೆಗೆಯಬೇಕು. ಅವಳಿಗೆ ಕಲಿಸಿದ ಕಾಶ್ಮೀರಿ ತರುಣ ಮೊದಲ ಬೆಳಗ್ಗೆ ಅವಳನ್ನು ಜಾರಲು ಬಿಡಲೇ ಇಲ್ಲ. ಅಡ್ಡಹೆಜ್ಜೆಯಲ್ಲಿ ದಿಬ್ಬ ಹತ್ತಿಸಿದ. ಬೀಳುವುದು ಹೇಗೆ ಎಂದು ಕಲಿಸಿದ: ಹಿಂದಕ್ಕಲ್ಲ, ಪಕ್ಕಕ್ಕೆ, ಮೊಣಕೈ ಊರದೆ. ಏಳುವುದನ್ನು ಕಲಿಸಿದ: ಸ್ಕೀಗಳನ್ನು ಇಳಿಜಾರಿಗೆ ಅಡ್ಡ ಮಾಡಿಕೊಂಡು. "ದೊಡ್ಡಪ್ಪ, ಇವನು ಜಾರೋಕೆ ಬಿಡೋದೇ ಇಲ್ಲ ಅನ್ಸುತ್ತೆ" ಎಂದಳು ಅವಳು. ಮಧ್ಯಾಹ್ನದ ಹೊತ್ತಿಗೆ ಸ್ಕೀಗಳ ಮುಂತುದಿ ಕೂಡಿಸಿ ಹಿಂತುದಿ ಅಗಲಿಸಿ, ಒಳ ಅಂಚುಗಳಿಂದ ಹಿಮವನ್ನು ಉಜ್ಜುತ್ತ ನಿಧಾನಕ್ಕೆ ಇಳಿದು, ತಾನು ಎಣಿಸಿದ ಜಾಗದಲ್ಲೇ ನಿಂತಳು. ಬೇಕೆಂದ ಕಡೆ ನಿಲ್ಲಬಲ್ಲೆ ಎಂದು ಗೊತ್ತಾದ ಗಳಿಗೆಯಲ್ಲಿ ಹದಿನೆಂಟರ ಹುಡುಗಿಯ ಮುಖ ಹೇಗಾಗುತ್ತದೆ ಎಂಬುದನ್ನು ಪ್ರತಿಯೊಬ್ಬ ತಂದೆತಾಯಿಯೂ ನೋಡಬೇಕು.

ವಸಂತದ ಹಿಮಕ್ಕೆ ದಿನಚರಿ ಇದೆ. ಹಗಲು ಬಿಸಿಲಿಗೆ ಮೇಲ್ಪದರ ಕರಗುತ್ತದೆ, ರಾತ್ರಿ ಮತ್ತೆ ಹೆಪ್ಪುಗಟ್ಟುತ್ತದೆ. ಹೀಗೆ ದಿನದಿನವೂ ಕರಗಿ ಗಟ್ಟಿಯಾಗಿ, ಆಗತಾನೇ ಬಿದ್ದ ಹಿಮದ ಮೊನಚು ಎಸಳುಗಳೆಲ್ಲ ಸವೆದು ದುಂಡಗಿನ ಕಾಳಾಗುತ್ತವೆ. ಬೆಳಗ್ಗೆ ಏಳೆಂಟು ಗಂಟೆಗೆ ಇಳಿಜಾರು ಗಾಜಿನಂತೆ ಗಟ್ಟಿ, ಸ್ಕೀಯ ಅಂಚು ಕರಕರ ಸದ್ದು ಮಾಡುತ್ತದೆಯೇ ಹೊರತು ಕಚ್ಚುವುದಿಲ್ಲ. ಬಿಸಿಲೇರಿದ ಮೇಲೆ ಮೇಲಿನ ಒಂದೆರಡು ಅಂಗುಲ ಮಾತ್ರ ಸಡಿಲವಾದಾಗ ಅದರಷ್ಟು ಹಿತವಾದ ಹಿಮ ಇನ್ನೊಂದಿಲ್ಲ. ಕಲಿಯುವವರಿಗಂತೂ ಅದು ವರ. ತಿರುಗೆಂದರೆ ತಿರುಗುತ್ತದೆ, ಬಿದ್ದರೆ ನೋಯಿಸುವುದಿಲ್ಲ. ಮಧ್ಯಾಹ್ನ ಒಂದೆರಡು ಗಂಟೆಯಾಯಿತೆಂದರೆ ಎಲ್ಲ ನೀರುನೀರು, ಸ್ಕೀ ಹೂತುಕೊಳ್ಳುತ್ತದೆ, ಮೊಣಕಾಲು ತಿರುಚಿಕೊಳ್ಳುವುದು ಆಗಲೇ. ಒದ್ದೆ ಹಿಮ ಇಡಿಯಾಗಿ ಕುಸಿದು ಇಳಿಯುವ ಅಪಾಯವೂ ಹೆಚ್ಚಾಗುವುದು ಆ ಹೊತ್ತಿನಲ್ಲೇ. ಆದ್ದರಿಂದ ವಸಂತದ ಸ್ಕೀಯಿಂಗ್ ಬೆಳಗಿನ ಕೆಲಸ. ಮಧ್ಯಾಹ್ನ ಊಟಕ್ಕೆ ಇಳಿದವರು ಮತ್ತೆ ಮೇಲೆ ಹತ್ತದಿರುವುದು ಒಳ್ಳೆಯದು.

ಗುಲ್ಮಾರ್ಗಿನಿಂದ ನಾವು ಮನಾಲಿಗೆ ಹೋದೆವು. ನಕಾಶೆ ಹರಡಿದರೆ ಶ್ರೀನಗರ, ಲೇಹ್, ಮನಾಲಿ ಮೂರೂ ಒಂದೇ ಸುತ್ತಿನಲ್ಲಿ ಕಾಣುತ್ತವೆ. ಹಾಗೆಂದು ಮಾರ್ಚಿನಲ್ಲಿ ಆ ದಾರಿ ನೆಚ್ಚಿ ಹೊರಡಬೇಡಿ. ಲೇಹ್–ಮನಾಲಿ ರಸ್ತೆ ಆಗ ಹಿಮದಡಿಯಲ್ಲಿರುತ್ತದೆ. ಜಮ್ಮುವಿಗೆ ಇಳಿದು, ಪಠಾಣ್‌ಕೋಟ್ ಹಾದು, ಮಂಡಿಯ ಮೇಲೆ ಬಿಯಾಸ್ ನದಿಯ ಗುಂಟ ಮತ್ತೆ ಹತ್ತಬೇಕು. ದಾರಿ ಉದ್ದ, ಸುಸ್ತು ಹೌದು. ಆದರೆ ಭೂಗೋಳ ಕಲಿಸಿ ನಿವೃತ್ತನಾದ ನನಗೆ ಆ ಪ್ರಯಾಣದಷ್ಟು ತೃಪ್ತಿ ಕೊಟ್ಟದ್ದು ಕಡಿಮೆ. ಏಕೆಂದರೆ ಗುಲ್ಮಾರ್ಗಿನ ಅಫರ್ವಾತ್ ಇರುವುದು ಪೀರ್ ಪಂಜಾಲ್ ಸಾಲಿನಲ್ಲಿ, ಮನಾಲಿಯ ಮೇಲಿನ ರೋಹ್‌ತಾಂಗ್ ಇರುವುದೂ ಅದೇ ಪೀರ್ ಪಂಜಾಲ್ ಸಾಲಿನಲ್ಲಿ. ಬೆಟ್ಟಸಾಲು ಒಂದೇ, ಹಿಮ ಎರಡು ಬಗೆ.

ಮೆಡಿಟರೇನಿಯನ್ ಕಡೆಯಿಂದ ಚಳಿಗಾಲದಲ್ಲಿ ಒಂದರ ಹಿಂದೆ ಒಂದರಂತೆ ಬರುವ ಪಶ್ಚಿಮದ ಮಾರುತಗಳು ಈ ಸಾಲಿಗೆ ಹಿಮ ಸುರಿಸುತ್ತವೆ. ಸೋಲಂಗ್ ಕಣಿವೆ ಸಾಲಿನ ದಕ್ಷಿಣಕ್ಕಿದೆ, ಎತ್ತರ ಸುಮಾರು 2,500 ಮೀಟರ್. ಹಿಮ ಚೆನ್ನಾಗಿ ಬೀಳುತ್ತದೆ, ಬಿಸಿಲಿಗೆ ಬೇಗ ಹೋಗುತ್ತದೆ. ಬೆಟ್ಟದ ಆಚೆ ಬದಿ ಲಾಹೌಲ್, ಹೆಚ್ಚು ಎತ್ತರ, ಹೆಚ್ಚು ಚಳಿ, ಒಣಹವೆ. 2020ರ ಅಕ್ಟೋಬರಿನಲ್ಲಿ ಅಟಲ್ ಸುರಂಗ ತೆರೆಯುವ ತನಕ ಚಳಿಗಾಲದಲ್ಲಿ ಲಾಹೌಲಿಗೆ ರಸ್ತೆ ಸಂಪರ್ಕವೇ ಇರಲಿಲ್ಲ. ಈಗ 9 ಕಿಲೋಮೀಟರ್ ಸುರಂಗ ದಾಟಿದರೆ ಈಚೆಗೆ ಹುಲ್ಲು ಹಸಿರಾಗುತ್ತಿರುವಾಗ ಆಚೆಗೆ ಸಿಸ್ಸು ಗ್ರಾಮದ ಹೊಲಗಳ ಮೇಲೆ ಹಿಮ ದಪ್ಪಗೆ ಕೂತಿರುತ್ತದೆ. ಆ ಊರಿನವರು ಕೆಲವು ವರ್ಷಗಳಿಂದ ಚಳಿಗಾಲದ ನಡುವೆ, ತಮ್ಮ ದೇವರ ಹಬ್ಬಗಳ ದಿನಗಳಲ್ಲಿ, ಪ್ರವಾಸಿಗರು ಬರಬೇಡಿ ಎಂದು ಕೇಳಿಕೊಳ್ಳುತ್ತಿದ್ದಾರೆ. ಮಾರ್ಚಿನಲ್ಲಿ ಆ ನಿರ್ಬಂಧ ತೆರವಾಗಿರುತ್ತದೆ. ಅವರ ಮಾತನ್ನು ಗೌರವಿಸಿ ಹೋಗಿ.

ಎರಡು ಬೆಟ್ಟ ಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕೇ. ಗುಲ್ಮಾರ್ಗಿನ ಒದ್ದೆ ಕಾಳುಹಿಮದಲ್ಲಿ ತಿರುಗಲು ಕಲಿತ ನನ್ನ ತಮ್ಮನ ಮಗಳು ಲಾಹೌಲಿನ ಒಣ ಹಿಮದಲ್ಲಿ ಮೊದಲ ದಿನ ಕಾಲು ಎಲ್ಲಿಡಬೇಕೆಂದು ತಿಳಿಯದೆ ಒದ್ದಾಡಿದಳು. ಅಂಚಿನ ಒತ್ತಡ ಕಡಿಮೆ ಮಾಡಬೇಕಿತ್ತು, ಭಾರವನ್ನು ಎರಡೂ ಕಾಲಿಗೆ ಹಂಚಬೇಕಿತ್ತು. ಅದನ್ನು ಅವಳು ತಾನೇ ಕಂಡುಕೊಂಡಳು. ಒಂದೇ ಇಳಿಜಾರಿನಲ್ಲಿ ಕಲಿತವರಿಗೆ ಆ ಇಳಿಜಾರು ಬರುತ್ತದೆ, ಅಷ್ಟೆ. ಇನ್ನೊಂದು ಬೆಟ್ಟಕ್ಕೆ ಹೋದಾಗಲೇ ಕಲಿತದ್ದು ವಿದ್ಯೆಯೋ ಬರೀ ಅಭ್ಯಾಸವೋ ಎಂದು ತಿಳಿಯುವುದು.

ಅಪಾಯದ ಮಾತು ಆಡದೆ ಮುಂದೆ ಹೋಗಲಾರೆ. 2010ರ ಫೆಬ್ರುವರಿಯಲ್ಲಿ ನಾನು ಆಗಲೇ ಹೇಳಿದ ಸೈನಿಕ ಶಾಲೆಯ ತರಬೇತಿ ತಂಡದ ಮೇಲೆಯೇ ಹಿಮ ಕುಸಿದು 17 ಯೋಧರು ತೀರಿಕೊಂಡರು. ತಿಳಿದವರೂ ಹಿಮದ ಎದುರು ತಲೆಬಾಗಿಯೇ ನಡೆಯಬೇಕು. 2023 ಮತ್ತು 2024ರ ಫೆಬ್ರುವರಿಯಲ್ಲಿ ಗುಲ್ಮಾರ್ಗಿನ ಗುರುತು ಹಾಕಿದ ದಾರಿ ಬಿಟ್ಟು ಹೋದ ವಿದೇಶಿ ಸ್ಕೀಯರುಗಳು ಹಿಮಕುಸಿತಕ್ಕೆ ಸಿಕ್ಕಿ ಸತ್ತರು. ಕಲಿಯುವವರು ಕಂಬ ನೆಟ್ಟ ದಾರಿಯನ್ನು ದಾಟಲೇಬಾರದು. ಎತ್ತರದ ಕಾಯಿಲೆಯದು ಇನ್ನೊಂದು ಅಪಾಯ. ಬೆಂಗಳೂರಿನಿಂದ ಬೆಳಗ್ಗೆ ಹೊರಟು ಮರುದಿನ ಬೆಳಗ್ಗೆ ಸುಮಾರು 3,950 ಮೀಟರಿನಲ್ಲಿ ಇಳಿದರೆ ತಲೆನೋವು, ವಾಕರಿಕೆ ಬರುವುದು ಸಹಜ. ಮೊದಲ ಒಂದೆರಡು ದಿನ ಕೆಳಗೇ ಇರಿ, ನೀರು ಧಾರಾಳವಾಗಿ ಕುಡಿಯಿರಿ. ಹೊಸ ಹಿಮ ಬಿಸಿಲಿನ ನೇರಳಾತೀತ ಕಿರಣಗಳಲ್ಲಿ ಶೇ. 80ರಷ್ಟನ್ನು ಮುಖಕ್ಕೇ ಎಸೆಯುತ್ತದೆ. ಒಳ್ಳೆಯ ಗಾಗಲ್ಸ್ ಇಲ್ಲದೆ ಒಂದು ದಿನ ಕಳೆದವರ ಕಣ್ಣು ರಾತ್ರಿ ಮರಳು ಬಿದ್ದಂತೆ ಉರಿಯುತ್ತದೆ.

2025ರ ಏಪ್ರಿಲ್ 22ರಂದು ಪಹಲ್ಗಾಮಿನ ಬೈಸರನ್ ಬಯಲಿನಲ್ಲಿ ಭಯೋತ್ಪಾದಕರು 26 ಮಂದಿಯನ್ನು ಕೊಂದರು. ಸತ್ತವರಲ್ಲಿ ನಮ್ಮ ರಾಜ್ಯದವರಿದ್ದರು, ನಮ್ಮ ಬೆಂಗಳೂರಿನವರೂ ಇದ್ದರು. ಬೇಸಿಗೆ ರಜೆಗೆ ಮಕ್ಕಳನ್ನು ಕರೆದುಕೊಂಡು ಹೋದ ಕುಟುಂಬಗಳು ಅವು. ಅದಾದ ಮೇಲೆ ಕಾಶ್ಮೀರಕ್ಕೆ ಹೋಗಿ ಎಂದು ಯಾರಿಗಾದರೂ ಹೇಳುವಾಗ ನನ್ನ ಗಂಟಲು ಕಟ್ಟುತ್ತದೆ. ಹೋಗುವುದೋ ಬಿಡುವುದೋ ಪ್ರತಿ ಮನೆಯೂ ತಾನೇ ನಿರ್ಧರಿಸಬೇಕಾದ ವಿಷಯ. ಹೋಗುವವರು ಆ ಹೊತ್ತಿನ ಸರ್ಕಾರಿ ಸೂಚನೆಗಳನ್ನು ನೋಡಿಕೊಂಡು ಹೊರಡಬೇಕು. ಮನಸ್ಸು ಒಪ್ಪದವರಿಗೆ ಹಿಮಾಚಲ ಇದೆ. ಉತ್ತರಾಖಂಡದಲ್ಲಿ ಔಲಿ ಇದೆ, 2011ರಲ್ಲಿ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡಾಕೂಟ ನಡೆದ ಜಾಗ. ಆದರೆ ಅದರ ಬುಡದಲ್ಲಿರುವ ಜೋಶಿಮಠದ ನೆಲ 2023ರ ಜನವರಿಯಲ್ಲಿ ಬಿರುಕುಬಿಟ್ಟು ಕುಸಿದಾಗ ಔಲಿಯ ರೋಪ್‌ವೇ ನಿಲ್ಲಿಸಬೇಕಾಯಿತು. ಬೆಟ್ಟದ ಮೇಲೆ ನಾವು ಹೇರಿದ ಭಾರದ ಪರಿಣಾಮವನ್ನು ಅಲ್ಲಿ ಕಣ್ಣಾರೆ ಕಾಣಬಹುದು.

ಹಿಮವೂ ಮುಂಚಿನಂತೆ ನಂಬಿಕಸ್ಥವಾಗಿ ಉಳಿದಿಲ್ಲ. 2024ರ ಜನವರಿಯಲ್ಲಿ ಗುಲ್ಮಾರ್ಗ್ ಬಹುಪಾಲು ಒಣಗಿಕೊಂಡೇ ಇತ್ತು, ಸ್ಕೀ ಕಲಿಸುವವರು ಕೈಕಟ್ಟಿ ಕೂತಿದ್ದರು. 2025ರ ಫೆಬ್ರುವರಿಯಲ್ಲಿ ನಡೆಯಬೇಕಿದ್ದ ಖೇಲೋ ಇಂಡಿಯಾ ಸ್ಪರ್ಧೆಗಳನ್ನು ಹಿಮವಿಲ್ಲವೆಂದು ಮುಂದೂಡಿ ಮಾರ್ಚಿನಲ್ಲಿ ನಡೆಸಿದರು. ಝೇಲಂಗೂ ಬಿಯಾಸಿಗೂ ವಸಂತದಲ್ಲಿ ನೀರು ಕೊಡುವುದು ಈ ಹಿಮವೇ. ಸ್ಕೀ ಮಾಡುವವನು ಹಿಮ ಎಷ್ಟು ಬಿತ್ತು, ಎಂದು ಕರಗಿತು ಎಂಬುದನ್ನು ರೈತನಷ್ಟೇ ಕಾತರದಿಂದ ನೋಡುತ್ತಾನೆ. ಹವಾಮಾನ ಬದಲಾವಣೆ ಎಂಬ ಪಾಠ ನಮ್ಮ ಮಕ್ಕಳಿಗೆ ಪುಸ್ತಕದಲ್ಲಿದೆ. ಅಫರ್ವಾತಿನ ಮೇಲೆ ಅದು ಕಾಲಡಿಗೆ ಸಿಗುತ್ತದೆ.

ತಯಾರಿಗೆ ನಾವು ದೂರ ಹೋಗಬೇಕಾಗಿಲ್ಲ. ಬನಶಂಕರಿ 6ನೇ ಹಂತದ ಪಕ್ಕದ ತುರಹಳ್ಳಿ ಕಾಡಿನ ಬಂಡೆಗಳಲ್ಲಿ ಈ ಊರಿನ ಎಷ್ಟೋ ಮಂದಿ ಹತ್ತಲು ಕಲಿತರು. ಮೈಭಾರವನ್ನು ಪಾದದ ಅಂಚಿನ ಮೇಲೆ ನಿಲ್ಲಿಸುವುದನ್ನು ಬಂಡೆಯಷ್ಟು ಚೆನ್ನಾಗಿ ಇನ್ನಾವುದೂ ಕಲಿಸದು. ಲಾಲ್‌ಬಾಗಿನ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು, ಹಿಮಾಲಯ ಏಳತೊಡಗಿದ್ದು ಸುಮಾರು 5 ಕೋಟಿ ವರ್ಷಗಳ ಈಚೆಗೆ. ಹಳೆಯ ಕಲ್ಲಿನ ಮೇಲೆ ಪಳಗಿ ಹೊಸ ಬೆಟ್ಟಕ್ಕೆ ಹೋಗುವ ಅವಕಾಶ ನಮ್ಮದು. ರೋಲರ್ ಸ್ಕೇಟಿಂಗ್ ಬಲ್ಲ ಮಕ್ಕಳಿಗೆ ಅರ್ಧ ಕೆಲಸ ಆದಂತೆ. ಕ್ರಾಸ್ ಕಂಟ್ರಿ ಸ್ಕೀಯರುಗಳು ಬೇಸಿಗೆಯಲ್ಲಿ ಗಾಲಿ ಹಾಕಿದ ಸ್ಕೀಗಳ ಮೇಲೆ ಡಾಂಬರು ರಸ್ತೆಯಲ್ಲೇ ಅಭ್ಯಾಸ ಮಾಡುತ್ತಾರೆ. ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತಿ, ತೊಡೆ ಗಟ್ಟಿಮಾಡಿಕೊಳ್ಳಿ.

ದುಡ್ಡಿನ ಮಾತಿಗೆ ಬಂದೆ. ಬಾಡಿಗೆಗೆ ತಂದ ಬಣ್ಣದ ಕೋಟು ಹಾಕಿ, ಅರ್ಧ ಗಂಟೆ ಸ್ಕೀ ಮೇಲೆ ನಿಂತು ಫೋಟೋ ತೆಗೆಸಿಕೊಂಡು ಬರುವ ಪ್ಯಾಕೇಜಿಗೆ ನಮ್ಮ ಕುಟುಂಬಗಳು ಸುರಿಯುವ ಹಣ ಕಡಿಮೆಯೇನಲ್ಲ. ಗುಲ್ಮಾರ್ಗಿನ ಭಾರತೀಯ ಸ್ಕೀಯಿಂಗ್ ಮತ್ತು ಪರ್ವತಾರೋಹಣ ಸಂಸ್ಥೆ, ಮನಾಲಿಯ ಅಟಲ್ ಬಿಹಾರಿ ವಾಜಪೇಯಿ ಪರ್ವತಾರೋಹಣ ಸಂಸ್ಥೆ, ಎರಡೂ ಸರ್ಕಾರಿ. ಎರಡರಲ್ಲೂ ಎರಡು ವಾರಗಳ ಆರಂಭಿಕ ಕೋರ್ಸುಗಳಿವೆ. ಇರಲು ಜಾಗ, ಊಟ, ಸ್ಕೀ, ಬೂಟು ಎಲ್ಲ ಅದರಲ್ಲೇ ಸೇರಿರುತ್ತದೆ. ಬೆಳಗಿನ ಜಾವ ಎಬ್ಬಿಸುತ್ತಾರೆ, ಹೆಗಲ ಮೇಲೆ ಸ್ಕೀ ಹೊರಿಸಿ ನಡೆಸುತ್ತಾರೆ, ತಟ್ಟೆಯನ್ನು ನೀವೇ ತೊಳೆಯಬೇಕು. ಅಸ್ಸಾಮಿನ ಹುಡುಗ, ಲಡಾಖಿನ ಹುಡುಗ, ಎನ್‌ಸಿಸಿ ಕೆಡೆಟ್, ಪೊಲೀಸ್ ಪೇದೆ ಎಲ್ಲ ಒಂದೇ ಕೋಣೆಯಲ್ಲಿ ಮಲಗುತ್ತಾರೆ. ನಮ್ಮ ಅಪಾರ್ಟ್‌ಮೆಂಟುಗಳಲ್ಲಿ ಬೆಳೆದ ಮಕ್ಕಳಿಗೆ ಆ ಕೋಣೆಯೂ ಒಂದು ಪಾಠ.

ಒಂದೇ ತೊಡಕು, ಈ ಕೋರ್ಸುಗಳಲ್ಲಿ ಹೆಚ್ಚಿನವು ಜನವರಿಯಿಂದ ಮಾರ್ಚಿನೊಳಗೆ ನಡೆಯುತ್ತವೆ. ಪದವಿ ತರಗತಿಯವರು ಸೆಮಿಸ್ಟರ್ ರಜೆಯಲ್ಲಿ ಹೊಂದಿಸಿಕೊಂಡಾರು. ಪಿಯುಸಿ ಮಕ್ಕಳಿಗೆ ಪರೀಕ್ಷೆ ಅಡ್ಡ ಬರುತ್ತದೆ. ಆದ್ದರಿಂದ ಈ ವೇದಿಕೆಯಿಂದ ನಮ್ಮ ಕ್ರೀಡಾ ಇಲಾಖೆಗೆ ಒಂದು ವಿನಂತಿ: ಪ್ರತಿವರ್ಷ ಮಾರ್ಚಿನ ಕೊನೆಯ ವಾರ, ಎತ್ತರದ ಇಳಿಜಾರುಗಳಲ್ಲಿ ಹಿಮ ಇನ್ನೂ ಇರುವಾಗಲೇ, ಕರ್ನಾಟಕದ ವಿದ್ಯಾರ್ಥಿಗಳಿಗೆಂದೇ ಒಂದು ತಂಡವನ್ನು ಗೊತ್ತುಮಾಡಿ. ತಿಮ್ಮಯ್ಯನವರ ಹೆಸರಿನ ಅಕಾಡೆಮಿ ಈ ಕೆಲಸಕ್ಕೆ ಯೋಗ್ಯವಾದ ಸಂಸ್ಥೆ. ಸರ್ಕಾರಿ ಕಾಲೇಜಿನ ಮಕ್ಕಳಿಗೆ ಶುಲ್ಕ ಕಟ್ಟುವ ಹೊಣೆಯನ್ನು ಇಂಥ ದತ್ತಿಗಳು ಹೊರಲಿ. ಮೊದಲ ತಂಡದ ಒಬ್ಬ ವಿದ್ಯಾರ್ಥಿಯ ಖರ್ಚನ್ನು ನಾನು ಕೊಡುತ್ತೇನೆ, ಈ ಉಪನ್ಯಾಸದ ಸಂಭಾವನೆಯನ್ನು ಅದಕ್ಕೇ ಮೀಸಲಿಟ್ಟಿದ್ದೇನೆ.

ಪೋಷಕರೇ, ಬರುವ ಚಳಿಗಾಲದ ಕೋರ್ಸುಗಳ ಬಗ್ಗೆ ದಸರಾ ಮುಗಿಯುವುದರೊಳಗೆ ವಿಚಾರಿಸಿ. ತಡಮಾಡಿದರೆ ಜಾಗ ಸಿಗುವುದಿಲ್ಲ.